ಯಾರು ಬರೆದಿಟ್ಟಿರಬಹುದು? ಕಾಲೇಜು ಗ್ರಂಥಾಲಯದಿಂದ ಸಂಶೋಧನಾ ಆಕರಗಳನ್ನು ಹುಡುಕುವ ಬಗೆ

ಕಿರು ಸಂಶೋಧನಾ ಪ್ರಬಂಧ ಒಪ್ಪಿಸುವ ದಿನ ಹತ್ತಿರವಾದಂತೆ ಮಲೆನಾಡಿನ ಕಾಲೇಜು ಗ್ರಂಥಾಲಯಗಳಲ್ಲಿ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: ‘ಸರ್, ಮಂಗನ ಕಾಯಿಲೆ ಬಗ್ಗೆ ಪುಸ್ತಕ ಇದೆಯಾ?’, ‘ಮೇಡಂ, ಮುಳುಗಡೆ ಬಗ್ಗೆ ಪುಸ್ತಕ ಕೊಡಿ.’ ಆ ಹೆಸರಿನ ಪುಸ್ತಕ ಕಪಾಟಿನಲ್ಲಿ ಇಲ್ಲವೆಂದು ತಿಳಿದೊಡನೆ ವಿದ್ಯಾರ್ಥಿ ಬರಿಗೈಯಲ್ಲಿ ಹೊರಟುಹೋಗುತ್ತಾನೆ. ಅಂದು ರಾತ್ರಿ ಮೊಬೈಲಿನಲ್ಲಿ ಮೊದಲು ಕಂಡ ನಾಲ್ಕು ಪುಟಗಳನ್ನು ಸೇರಿಸಿ ಪ್ರಬಂಧದ ಮೊದಲ ಅಧ್ಯಾಯವನ್ನು ಮುಗಿಸುತ್ತಾನೆ. ಹಲವು ವರ್ಷ ವಿದ್ಯಾರ್ಥಿಗಳ ಪ್ರಬಂಧಗಳಿಗೆ ಮಾರ್ಗದರ್ಶನ ಮಾಡಿರುವ ನನಗೆ ಇದು ಪ್ರತಿ ವರ್ಷವೂ ಬೇಸರ ತರುತ್ತದೆ. ಏಕೆಂದರೆ ಅವನು ಕೇಳಿದ ವಿಷಯದ ಮೇಲೆ ಅದೇ ಗ್ರಂಥಾಲಯದ ಮೂಲಕ ತಲುಪಬಹುದಾದ ಸಾಮಗ್ರಿ ಧಾರಾಳವಾಗಿರುತ್ತದೆ, ಆದರೆ ಅದು ಪುಸ್ತಕದ ರೂಪದಲ್ಲಿ ಇರುವುದಿಲ್ಲ. ಆ ಸಾಮಗ್ರಿಯನ್ನು ಹಂತಹಂತವಾಗಿ ಹುಡುಕುವ ಕ್ರಮವನ್ನು ಶಿವಮೊಗ್ಗ ಜಿಲ್ಲೆಯ ವಿಷಯಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಬರೆದಿಟ್ಟವರು ಯಾರು?

ಕ್ಯಾಟಲಾಗನ್ನು ತೆರೆಯುವ ಮೊದಲು ನಿಮ್ಮ ಸಂಶೋಧನಾ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಕಾಗದದ ಮೇಲೆ ಬರೆಯಿರಿ. ‘ಮಂಗನ ಕಾಯಿಲೆ’ ಎಂಬುದು ವಿಷಯ. ‘ಸೊರಬ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಮಂಗನ ಕಾಯಿಲೆಯ ತಿಳಿವಳಿಕೆ ಜನರಿಗೆ ಯಾವ ಮೂಲಗಳಿಂದ ಬಂತು?’ ಎಂಬುದು ಪ್ರಶ್ನೆ. ವಾಕ್ಯ ಸಿದ್ಧವಾದ ಮೇಲೆ, ಈ ಸಂಗತಿಯನ್ನು ತನ್ನ ಕೆಲಸದ ಅಂಗವಾಗಿ ಯಾರು ಬರೆದಿಟ್ಟಿರಬಹುದು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ನನ್ನ ಅನುಭವದಲ್ಲಿ ಇಡೀ ಹುಡುಕಾಟದ ಕೀಲಿಕೈ ಇದೇ.

ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗಳ ಜನರೂ ಜ್ವರದಿಂದ ಮಲಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷಿಸಿದರು. ಇದು ಹಳದಿ ಜ್ವರವಿರಬಹುದೇ ಎಂಬ ಆತಂಕ ಆರಂಭದಲ್ಲಿತ್ತು, ಕೊನೆಗೆ ಉಣುಗುಗಳಿಂದ ಹರಡುವ ಹೊಸ ವೈರಸ್ ಎಂದು ಗೊತ್ತಾಯಿತು. ಆ ವಿಜ್ಞಾನಿಗಳು ಬರೆದದ್ದು ವೈದ್ಯಕೀಯ ನಿಯತಕಾಲಿಕಗಳ ಲೇಖನಗಳಲ್ಲಿದೆ. ಆರೋಗ್ಯ ಇಲಾಖೆ ಬರೆದದ್ದು ವಾರ್ಷಿಕ ವರದಿಗಳಲ್ಲಿ ಮತ್ತು ಪ್ರಕರಣಗಳ ಪಟ್ಟಿಗಳಲ್ಲಿದೆ. ಕ್ಷೇತ್ರದ ಶಾಸಕರು ಸದನದಲ್ಲಿ ಕೇಳಿದ್ದು ಕಲಾಪದ ನಡಾವಳಿಯಲ್ಲಿದೆ. ಊರಿನ ವರದಿಗಾರ ಬರೆದದ್ದು ದಿನಪತ್ರಿಕೆಯಲ್ಲಿದೆ, ಪಿಎಚ್.ಡಿ. ವಿದ್ಯಾರ್ಥಿ ಬರೆದದ್ದು ಪ್ರಬಂಧದಲ್ಲಿದೆ, ಮನೆಯಲ್ಲಿ ಕಾಯಿಲೆ ಕಂಡವರ ನೆನಪು ಅವರ ಬಾಯಲ್ಲಿಯೇ ಇದೆ. ಇಷ್ಟನ್ನು ಬರೆದುಕೊಂಡರೆ ಆರು ಬಗೆಯ ಆಕರಗಳು ಕಣ್ಣ ಮುಂದೆ ಬರುತ್ತವೆ, ಪ್ರತಿಯೊಂದಕ್ಕೂ ಬೇರೆ ಬಾಗಿಲಿದೆ ಎಂಬುದೂ ತಿಳಿಯುತ್ತದೆ.

ಪ್ರಾಥಮಿಕ ಆಕರ, ದ್ವಿತೀಯಕ ಆಕರ ಎಂದು ತರಗತಿಯಲ್ಲಿ ಹೇಳಿಕೊಡುವ ವ್ಯತ್ಯಾಸವೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ಘಟನೆಯನ್ನು ಕಂಡವರು, ಅಳೆದವರು ಅಥವಾ ಅದರಲ್ಲಿ ಪಾಲ್ಗೊಂಡವರು ದಾಖಲಿಸಿದ್ದು ಪ್ರಾಥಮಿಕ ಆಕರ. ಅದನ್ನು ಓದಿ ಮತ್ತೊಬ್ಬರು ವಿವೇಚಿಸಿದ್ದು ದ್ವಿತೀಯಕ ಆಕರ. ಒಂದೇ ಬರಹ ನಿಮ್ಮ ಪ್ರಶ್ನೆಗೆ ತಕ್ಕಂತೆ ಎರಡೂ ಆಗಬಹುದು. ರೋಗದ ಬಗ್ಗೆ ತಿಳಿಯಬೇಕಾದವರಿಗೆ ಪತ್ರಿಕಾ ವರದಿ ದುರ್ಬಲವಾದ ದ್ವಿತೀಯಕ ಆಕರ. ರೋಗದ ಸುದ್ದಿ ಜನರನ್ನು ತಲುಪಿದ ರೀತಿಯನ್ನು ತಿಳಿಯಬೇಕಾದವರಿಗೆ ಅದೇ ವರದಿ ಅತ್ಯುತ್ತಮ ಪ್ರಾಥಮಿಕ ಆಕರ.

ಎರಡನೆಯ ಹೆಜ್ಜೆ: ಹೆಸರುಗಳ ಪಟ್ಟಿ

ಈ ಹೆಜ್ಜೆಯನ್ನು ಬಹುತೇಕ ಎಲ್ಲರೂ ಹಾರಿಸಿಬಿಡುತ್ತಾರೆ. ನಮ್ಮ ಭಾಗದ ವಿಷಯಗಳನ್ನು ಹುಡುಕುವವರಿಗಂತೂ ಇದಕ್ಕಿಂತ ಮುಖ್ಯವಾದ ಸಿದ್ಧತೆ ಬೇರೊಂದಿಲ್ಲ. ಹುಡುಕಾಟದ ಪೆಟ್ಟಿಗೆಯಲ್ಲಿ ನೀವು ಟೈಪ್ ಮಾಡಿದ ಅಕ್ಷರಗಳು ಹೇಗಿವೆಯೋ ಹಾಗೆಯೇ ಯಂತ್ರ ಹುಡುಕುತ್ತದೆ. ಆ ಊರಿಗೆ ಹಿಂದೆ ಇನ್ನೊಂದು ಹೆಸರಿತ್ತು ಎಂಬುದು ಅದಕ್ಕೆ ಗೊತ್ತಿರುವುದಿಲ್ಲ.

ಜಿಲ್ಲೆಯ ಹೆಸರಿನಿಂದಲೇ ಆರಂಭಿಸೋಣ. ಇಂಗ್ಲಿಷಿನಲ್ಲಿ ಅಧಿಕೃತವಾಗಿ ‘ಶಿವಮೊಗ್ಗ’ ಎಂದು ಬರೆಯತೊಡಗಿದ್ದು 2014ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಇಂಗ್ಲಿಷ್ ಗೆಜೆಟಿಯರು (ಜಿಲ್ಲೆಯ ಸಮಗ್ರ ವಿವರಗಳಿರುವ ಸರ್ಕಾರಿ ಗ್ರಂಥ), ಜನಗಣತಿ ಪುಸ್ತಕ, ವಿಜ್ಞಾನ ಲೇಖನ, ಪ್ರಬಂಧಗಳೆಲ್ಲ ‘ಶಿಮೊಗ’ ಎಂಬ ಹಳೆಯ ಕಾಗುಣಿತದಲ್ಲಿವೆ. ಹೊಸ ಹೆಸರನ್ನು ಮಾತ್ರ ಹಾಕಿ ಹುಡುಕಿದ ವಿದ್ಯಾರ್ಥಿಗೆ ಒಂದು ಶತಮಾನಕ್ಕೂ ಹೆಚ್ಚಿನ ಬರವಣಿಗೆ ಕಣ್ಣಿಗೇ ಬೀಳುವುದಿಲ್ಲ. ಹೊಸನಗರ ತಾಲ್ಲೂಕಿನ ನಗರದ ಕಥೆ ಇನ್ನೂ ಉದ್ದವಾದದ್ದು: ಕೆಳದಿ ಅರಸರ ಕಾಲದ ಬಿದನೂರು 1763ರಲ್ಲಿ ಹೈದರಾಲಿಯ ವಶವಾದ ಮೇಲೆ ಹೈದರನಗರವಾಯಿತು, ಅನಂತರ ಬರಿಯ ‘ನಗರ’ವಾಗಿ ಉಳಿಯಿತು, ಯುರೋಪಿಯನ್ನರ ಬರವಣಿಗೆಯಲ್ಲಿ ಅದು ‘ಬೆಡ್ನೋರ್’ ಎಂದೂ ಕಾಣಿಸಿಕೊಳ್ಳುತ್ತದೆ. 1800–1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಅದರ ವಿಷಯಸೂಚಿಯಲ್ಲಿ ನಮ್ಮ ಊರುಗಳನ್ನು ಗುರುತಿಸಲು ಹೆಸರನ್ನು ಬಾಯಿಬಿಟ್ಟು ಉಚ್ಚರಿಸಿ, ವಿದೇಶಿಯ ಕಿವಿಗೆ ಅದು ಹೇಗೆ ಕೇಳಿಸಿರಬಹುದು ಎಂದು ಊಹಿಸಬೇಕಾಗುತ್ತದೆ.

ರೋಗ, ಬೆಳೆ, ಭೂಮಿಗಳ ಹೆಸರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮಂಗನ ಕಾಯಿಲೆಗೆ ವಿಜ್ಞಾನ ಲೇಖನಗಳಲ್ಲಿ ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್’ ಎಂಬ ಹೆಸರಿದೆ, ಅದರ ಸಂಕ್ಷೇಪ ಕೆ.ಎಫ್.ಡಿ.; ಇಂಗ್ಲಿಷ್ ಪತ್ರಿಕೆಗಳು ‘ಮಂಕಿ ಫೀವರ್’ ಎನ್ನುತ್ತವೆ. ಅದನ್ನು ಮಂಕಿಪಾಕ್ಸ್‌ನೊಂದಿಗಾಗಲಿ, ಕೆನ್ನೆ ಊದುವ ಮಂಗನಬಾವಿನೊಂದಿಗಾಗಲಿ ಬೆರೆಸಬಾರದು. ಮೂರೂ ಬೇರೆ ಬೇರೆ ಕಾಯಿಲೆಗಳು. ಅಡಿಕೆಯ ಕೊಳೆರೋಗವನ್ನು ಹುಡುಕುವವರು ‘ಕೊಳೆರೋಗ’ ಎಂಬ ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕಬಹುದು, ಏಕೆಂದರೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಪ್ರಕಟಿಸಿದ ಬುಲೆಟಿನ್‌ನಲ್ಲಿಯೇ ಆ ಪದವನ್ನು ಉಳಿಸಿಕೊಂಡಿದ್ದಾರೆ. ಆದರೆ ‘ಮಹಾಳಿ’, ‘ಫ್ರೂಟ್ ರಾಟ್’, ಮತ್ತು ರೋಗಾಣುವಿನ ಕುಲನಾಮವಾದ ‘ಫೈಟಾಫ್ತೊರ’ ಎಂಬ ಪದಗಳನ್ನೂ ಪಟ್ಟಿಗೆ ಸೇರಿಸಬೇಕು. ಸೊಪ್ಪಿನ ಬೆಟ್ಟದ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ ಬಗ್ಗೆ ಓದುವವರು ಆ ಪದವನ್ನು ಕೂಡಿಸಿಯೂ ಬಿಡಿಸಿಯೂ ಬರೆದು ನೋಡಬೇಕು, ‘ಬೆಟ್ಟ ಲ್ಯಾಂಡ್’ ಎಂದೂ ಹುಡುಕಬೇಕು.

ಆದ್ದರಿಂದ ಒಂದು ಹಾಳೆಯಲ್ಲಿ ಮೂರು ಅಂಕಣ ಹಾಕಿಕೊಳ್ಳಿ. ಒಂದರಲ್ಲಿ ಕನ್ನಡದ ಹೆಸರುಗಳು, ಇನ್ನೊಂದರಲ್ಲಿ ಇಂಗ್ಲಿಷ್ ಕಾಗುಣಿತದ ಎಲ್ಲ ರೂಪಗಳು, ಮೂರನೆಯದರಲ್ಲಿ ಶಾಸ್ತ್ರೀಯ ಅಥವಾ ಕಾನೂನಿನ ಪದಗಳು ಇರಲಿ. ಓದುತ್ತ ಹೋದಂತೆ ಹೊಸ ಹೆಸರು ಸಿಕ್ಕಾಗಲೆಲ್ಲ ಆ ಹಾಳೆಗೆ ಸೇರಿಸಿ, ಹಿಂದೆ ಮಾಡಿದ ಹುಡುಕಾಟವನ್ನು ಹೊಸ ಪದದೊಂದಿಗೆ ಮತ್ತೊಮ್ಮೆ ಮಾಡಿ.

ಮೂರನೆಯ ಹೆಜ್ಜೆ: ಪರಾಮರ್ಶನ ವಿಭಾಗ

ಮನೆಗೆ ಕೊಡದ ದಪ್ಪ ಪುಸ್ತಕಗಳಿರುವ ಈ ವಿಭಾಗದಲ್ಲಿ ಅರ್ಧ ದಿನ ಕುಳಿತರೆ ಮುಂದಿನ ಹತ್ತು ದಿನಗಳ ಅಲೆದಾಟ ಉಳಿಯುತ್ತದೆ. ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶ, ಜಿಲ್ಲಾ ಗೆಜೆಟಿಯರು, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು, ಶಾಸನ ಸಂಪುಟಗಳು ಸಾಮಾನ್ಯವಾಗಿ ಇಲ್ಲಿರುತ್ತವೆ. ವಿಶ್ವಕೋಶದ ಬರಹವನ್ನು ಪ್ರಬಂಧದಲ್ಲಿ ಉಲ್ಲೇಖಿಸುವ ಉದ್ದೇಶದಿಂದ ಓದಬೇಡಿ. ವಿಷಯದ ಚೌಕಟ್ಟು, ಮುಖ್ಯ ಇಸವಿಗಳು ಮತ್ತು ಹೆಸರುಗಳನ್ನು ಹಿಡಿಯಲು ಓದಿ.

ಇತಿಹಾಸದ ಮತ್ತು ಕನ್ನಡದ ವಿದ್ಯಾರ್ಥಿಗಳು ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳನ್ನು ಬಳಸುವ ಕ್ರಮವನ್ನು ಒಮ್ಮೆ ಕೈಯಾರೆ ಕಲಿಯಬೇಕು. ಬಿ. ಎಲ್. ರೈಸ್ ಸಂಪಾದಿಸಿದ ಈ ಮಾಲೆಯ ಏಳನೆಯ ಸಂಪುಟ 1902ರಲ್ಲಿಯೂ ಎಂಟನೆಯ ಸಂಪುಟ 1904ರಲ್ಲಿಯೂ ಪ್ರಕಟವಾದವು. ಎರಡೂ ನಮ್ಮ ಜಿಲ್ಲೆಯವು. ಏಳನೆಯದರಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳೂ, ಎಂಟನೆಯದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳೂ ಬರುತ್ತವೆ. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಇದೆ. ಕದಂಬರ ಮೂಲವನ್ನು ತಿಳಿಸುವ ತಾಳಗುಂದದ ಸ್ತಂಭ ಶಾಸನವನ್ನು ವಿದ್ವಾಂಸರು ‘ಏಳನೆಯ ಸಂಪುಟ, ಶಿಕಾರಿಪುರ 176’ ಎಂದು ಉಲ್ಲೇಖಿಸುವುದು ಇದೇ ಕಾರಣಕ್ಕೆ. ಈ ಸಂಕೇತವನ್ನು ಓದಲು ಬಂದರೆ ಯಾವುದೇ ಸಂಶೋಧನಾ ಲೇಖನದ ಅಡಿಟಿಪ್ಪಣಿಯಿಂದ ನೇರವಾಗಿ ಮೂಲ ಪಾಠಕ್ಕೆ ಹೋಗಬಹುದು. ಒಂದೇ ಸಂಪುಟದಲ್ಲಿ ಲಿಪ್ಯಂತರ, ಇಂಗ್ಲಿಷ್ ಅನುವಾದ ಮತ್ತು ಕನ್ನಡ ಲಿಪಿಯ ಪಾಠ ಬೇರೆ ಬೇರೆ ಭಾಗಗಳಲ್ಲಿರುವುದರಿಂದ ಅನುವಾದವನ್ನು ಮಾತ್ರ ಓದಿ ತೃಪ್ತರಾಗಬೇಡಿ. ಹಳೆಯ ಆವೃತ್ತಿಯ ಸಂಖ್ಯೆಗಳು ಪರಿಷ್ಕೃತ ಆವೃತ್ತಿಯಲ್ಲಿ ಬದಲಾಗುವುದುಂಟು. ಹಾಗಾಗಿ ನೀವು ನೋಡಿದ್ದು ಯಾವ ಆವೃತ್ತಿ ಎಂಬುದನ್ನು ತಪ್ಪದೆ ಬರೆದುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಕ್ಯಾಟಲಾಗಿನಿಂದ ಕಪಾಟಿಗೆ

ಗ್ರಂಥಾಲಯದ ಕಂಪ್ಯೂಟರ್ ಕ್ಯಾಟಲಾಗನ್ನು ಒಪ್ಯಾಕ್ ಎಂದು ಕರೆಯುತ್ತಾರೆ. ಕೆಲವು ಕಾಲೇಜುಗಳಲ್ಲಿ ಇ-ಗ್ರಂಥಾಲಯ, ಇನ್ನು ಕೆಲವು ಕಡೆ ಕೋಹಾ ತಂತ್ರಾಂಶವಿರುತ್ತದೆ. ಹುಡುಕುವ ರೀತಿ ಹೆಚ್ಚು ಕಡಿಮೆ ಒಂದೇ. ಕನ್ನಡ ಪುಸ್ತಕಗಳನ್ನು ಹುಡುಕುವಾಗ ಮಾತ್ರ ಒಂದು ಎಚ್ಚರಿಕೆ ಅಗತ್ಯ. ಪುಸ್ತಕದ ವಿವರವನ್ನು ಕೆಲವೊಮ್ಮೆ ಕನ್ನಡ ಲಿಪಿಯಲ್ಲಿಯೂ ಕೆಲವೊಮ್ಮೆ ಇಂಗ್ಲಿಷ್ ಅಕ್ಷರಗಳಲ್ಲಿಯೂ ದಾಖಲಿಸಿರುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ದೀರ್ಘಸ್ವರ, ಮಹಾಪ್ರಾಣ, ಳಕಾರಗಳನ್ನು ಬರೆಯುವ ರೀತಿ ಒಬ್ಬರಿಂದ ಒಬ್ಬರಿಗೆ ಬೇರೆ. ಪೂರ್ಣ ಶೀರ್ಷಿಕೆಯ ಬದಲು ಕಾಗುಣಿತ ತಪ್ಪಲು ಅವಕಾಶವಿಲ್ಲದ ಒಂದು ಚಿಕ್ಕ ಪದವನ್ನೋ ಲೇಖಕರ ಹೆಸರಿನ ಒಂದು ಭಾಗವನ್ನೋ ಹಾಕಿ ಹುಡುಕುವುದು ಹೆಚ್ಚು ಫಲಕಾರಿ.

ಪುಸ್ತಕ ಸಿಕ್ಕಿದಾಗ ಅದರ ವರ್ಗಸಂಖ್ಯೆಯನ್ನು ಬರೆದುಕೊಂಡು ಕಪಾಟಿನ ಬಳಿಗೆ ನೀವೇ ಹೋಗಿ, ಅದರ ಎಡಬಲಕ್ಕಿರುವ ಪುಸ್ತಕಗಳ ಮೇಲೂ ಕಣ್ಣಾಡಿಸಿ. ಡ್ಯೂಯಿ ದಶಮಾಂಶ ಪದ್ಧತಿಯನ್ನು ಅನುಸರಿಸುವ ಗ್ರಂಥಾಲಯದಲ್ಲಿ ಕರ್ನಾಟಕದ ಇತಿಹಾಸ 954.87ರಲ್ಲಿ, ಕನ್ನಡ ಸಾಹಿತ್ಯ 894.814ರಲ್ಲಿ, ಕೃಷಿ 630ರ ಸುತ್ತ ಇರುತ್ತವೆ. ಒಂದೇ ವಿಷಯ ಹಲವು ಕಡೆ ಚದುರಿರುವುದನ್ನು ಗಮನಿಸಬೇಕು: ಮಂಗನ ಕಾಯಿಲೆಗೆ ಸಂಬಂಧಿಸಿದ್ದು ಸಾರ್ವಜನಿಕ ಆರೋಗ್ಯದ 614ರಲ್ಲಿ, ರೋಗಗಳ 616ರಲ್ಲಿ, ಅರಣ್ಯಶಾಸ್ತ್ರದ 634.9ರಲ್ಲಿ ಹಂಚಿಹೋಗಿರಬಹುದು. ಪುಸ್ತಕದ ಶೀರ್ಷಿಕೆಯಲ್ಲಿ ನಿಮ್ಮ ವಿಷಯ ಇಲ್ಲದಿದ್ದರೂ ಕೊನೆಯ ಪದಸೂಚಿಯನ್ನು ತೆರೆದು ನೋಡಿ. ಪಶ್ಚಿಮ ಘಟ್ಟದ ಬಗೆಗಿನ ಪುಸ್ತಕವೊಂದರಲ್ಲಿ ಶರಾವತಿ ಕಣಿವೆಗೆ ಮೀಸಲಾದ ಹದಿನೈದು ಪುಟಗಳು ಪದಸೂಚಿಯ ಮೂಲಕವೇ ಸಿಗುವಂಥವು.

ಐದನೆಯ ಹೆಜ್ಜೆ: ನಿಯತಕಾಲಿಕಗಳ ಲೇಖನಗಳು

ವಿದ್ವತ್ ನಿಯತಕಾಲಿಕಗಳನ್ನು ನಮ್ಮ ಕಾಲೇಜುಗಳು ಅಚ್ಚಿನ ರೂಪದಲ್ಲಿ ತರಿಸುವುದು ಬಹಳ ಕಡಿಮೆ. ಆದರೆ ಬಹುಪಾಲು ಕಾಲೇಜುಗಳಿಗೆ ವಿದ್ಯುನ್ಮಾನ ದಾರಿಯೊಂದಿದೆ, ಅದನ್ನು ಬಳಸುವವರು ಮಾತ್ರ ವಿರಳ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಎನ್-ಲಿಸ್ಟ್ ಯೋಜನೆಯಲ್ಲಿ ಸದಸ್ಯತ್ವ ಪಡೆದ ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಾವಿರಾರು ಇ-ನಿಯತಕಾಲಿಕಗಳು ಮತ್ತು ಇ-ಪುಸ್ತಕಗಳು ಲಭ್ಯ. ಗ್ರಂಥಪಾಲಕರು ನಿಮ್ಮ ಇ-ಮೇಲ್ ವಿಳಾಸವನ್ನು ನೋಂದಾಯಿಸಿ ಕೊಟ್ಟರೆ ಬಳಕೆದಾರರ ಹೆಸರು ಮತ್ತು ಗುಪ್ತಪದ ಬರುತ್ತವೆ. ತೀರ್ಥಹಳ್ಳಿಯ ಮನೆಯಲ್ಲಿ ಕುಳಿತೇ ಓದಬಹುದು. ಇದಲ್ಲದೆ ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿಗೆ ನೀಡಿದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯ ಅಡಿಯಲ್ಲಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು 2025ರಿಂದ ತೆರೆದುಕೊಂಡಿವೆ. ನಿಮ್ಮ ಕಾಲೇಜು ಇವೆರಡರಲ್ಲಿ ಯಾವುದರಲ್ಲಿದೆ ಎಂದು ಮೊದಲ ಭೇಟಿಯಲ್ಲಿಯೇ ಗ್ರಂಥಪಾಲಕರನ್ನು ಕೇಳಿ ತಿಳಿದುಕೊಳ್ಳಿ. ಪ್ರವೇಶ ದೊರೆತ ದಿನವೇ ಒಂದು ಲೇಖನವನ್ನು ಇಳಿಸಿಕೊಂಡು ನೋಡಿ. ಗುಪ್ತಪದದ ತೊಂದರೆಗಳು ಗಡುವಿನ ಹಿಂದಿನ ರಾತ್ರಿ ಕಾಣಿಸಿಕೊಳ್ಳುವುದು ಬೇಡ.

ಹುಡುಕುವಾಗ ಒಟ್ಟಿಗೇ ಬರಬೇಕಾದ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಒಂದೇ ವಸ್ತುವಿನ ಹಲವು ಹೆಸರುಗಳ ನಡುವೆ ‘ಆರ್’ ಎಂಬ ಪದವನ್ನು, ಬೇರೆ ಬೇರೆ ವಸ್ತುಗಳ ನಡುವೆ ‘ಆಂಡ್’ ಎಂಬ ಪದವನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬಳಸಿ. ನೀವು ಮಾಡಿಟ್ಟ ಹೆಸರುಗಳ ಹಾಳೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಶಿಮೊಗ, ಶಿವಮೊಗ್ಗ ಎಂಬೆರಡು ರೂಪಗಳನ್ನು ‘ಆರ್’ನಿಂದ ಸೇರಿಸಿ ಆವರಣದೊಳಗಿಟ್ಟು, ಕ್ಯಾಸನೂರ್ ಎಂಬುದನ್ನು ‘ಆಂಡ್’ನಿಂದ ಜೋಡಿಸಿದರೆ ಹಳೆಯದೂ ಹೊಸದೂ ಒಟ್ಟಿಗೆ ಬರುತ್ತವೆ. ವೈದ್ಯಕೀಯ ವಿಷಯಗಳಿಗೆ ಪಬ್‌ಮೆಡ್, ಎಲ್ಲ ವಿಷಯಗಳಿಗೂ ಗೂಗಲ್ ಸ್ಕಾಲರ್, ಮುಕ್ತ ಪ್ರವೇಶದ ನಿಯತಕಾಲಿಕಗಳಿಗೆ ಡಿ.ಒ.ಎ.ಜೆ. ಉಚಿತವಾಗಿ ಲಭ್ಯ. 1932ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ನ ಹಳೆಯ ಸಂಚಿಕೆಗಳನ್ನೂ ಅಂತರಜಾಲದಲ್ಲಿ ಹಣ ಕೊಡದೆ ಓದಬಹುದು, ಪಶ್ಚಿಮ ಘಟ್ಟದ ಪರಿಸರದ ಬಗ್ಗೆ ಬರೆಯುವವರು ಅದನ್ನು ಬಿಡಬಾರದು.

ನೂರಾರು ಫಲಿತಾಂಶಗಳು ಬಂದಾಗ ಗಾಬರಿಯಾಗದೆ ಮೊದಲು ಒಂದು ಪರಾಮರ್ಶನ ಲೇಖನವನ್ನು, ಅಂದರೆ ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ವಿವೇಚಿಸಿದ ಲೇಖನವನ್ನು ಆರಿಸಿಕೊಳ್ಳಿ. ಅದರ ಕೊನೆಯ ಗ್ರಂಥಋಣದ ಎಳೆ ಹಿಡಿದು ಹಿಂದಕ್ಕೆ ಹೋದರೆ 1957ರ ಮೊದಲ ವರದಿಗಳವರೆಗೂ ತಲುಪುತ್ತೀರಿ. ‘ಇದನ್ನು ಉಲ್ಲೇಖಿಸಿದವರು’ ಎಂಬ ಕೊಂಡಿಯನ್ನು ಒತ್ತಿ ಮುಂದಕ್ಕೆ ಹೋದರೆ ರೋಗವು ಜಿಲ್ಲೆಯ ಗಡಿ ದಾಟಿ ಬಂಡೀಪುರ, ವಯನಾಡು, ಗೋವಾಗಳಲ್ಲಿ ಕಾಣಿಸಿಕೊಂಡ ಮೇಲಿನ ಅಧ್ಯಯನಗಳು ಸಿಗುತ್ತವೆ. ಲೇಖನದ ಸಾರಾಂಶ ಮಾತ್ರ ಕಂಡು ಪೂರ್ಣ ಪಾಠ ಬೀಗದೊಳಗಿದ್ದರೆ ಹಣ ಕಟ್ಟಲು ಹೋಗಬೇಡಿ. ಗೂಗಲ್ ಸ್ಕಾಲರ್‌ನಲ್ಲಿ ಅದೇ ಲೇಖನದ ಬೇರೆ ಆವೃತ್ತಿಗಳ ಕೊಂಡಿಯನ್ನು ನೋಡಿ, ಗ್ರಂಥಪಾಲಕರನ್ನು ಕೇಳಿ, ಅದೂ ಆಗದಿದ್ದರೆ ಲೇಖಕರಿಗೆ ವಿನಯದಿಂದ ನಾಲ್ಕು ಸಾಲಿನ ಪತ್ರ ಬರೆಯಿರಿ. ಬಹಳಷ್ಟು ಸಂಶೋಧಕರು ಸಂತೋಷದಿಂದ ಪ್ರತಿ ಕಳುಹಿಸುತ್ತಾರೆ.

ಹಣ ಪಡೆದು ಪರಿಶೀಲನೆ ಇಲ್ಲದೆ ಏನನ್ನಾದರೂ ಪ್ರಕಟಿಸುವ ನಿಯತಕಾಲಿಕಗಳೂ ಇವೆ ಎಂಬುದನ್ನು ಮರೆಯಬಾರದು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ (ಯುಜಿಸಿ) ನಿರ್ವಹಿಸುತ್ತಿದ್ದ ಮಾನ್ಯ ನಿಯತಕಾಲಿಕಗಳ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಡಲಾಗಿರುವುದರಿಂದ ಈಗ ತೀರ್ಮಾನದ ಹೊಣೆ ಓದುಗರ ಮೇಲೆ ಹೆಚ್ಚಾಗಿದೆ. ಸಂಪಾದಕ ಮಂಡಳಿಯವರು ನಿಜವಾಗಿಯೂ ಆ ವಿಷಯದ ವಿದ್ವಾಂಸರೇ, ಒಂದೇ ಸಂಚಿಕೆಯಲ್ಲಿ ಕನ್ನಡ ಕಾವ್ಯ ಮತ್ತು ಸಿಮೆಂಟಿನ ಗುಣಮಟ್ಟ ಒಟ್ಟಿಗೆ ಇವೆಯೇ, ಮಾಹಿತಿ ಸಂಗ್ರಹಿಸಿದ ವಿಧಾನವನ್ನು ಲೇಖನ ಹೇಳುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಹೆಚ್ಚಿನ ಸಂದೇಹ ಪರಿಹಾರವಾಗುತ್ತದೆ.

ಆರನೆಯ ಹೆಜ್ಜೆ: ಪಿಎಚ್.ಡಿ. ಪ್ರಬಂಧಗಳು

ಇನ್‌ಫ್ಲಿಬ್‌ನೆಟ್ ಕೇಂದ್ರವೇ ನಡೆಸುವ ಶೋಧಗಂಗಾ ಭಂಡಾರದಲ್ಲಿ ದೇಶದ ವಿಶ್ವವಿದ್ಯಾನಿಲಯಗಳ ಪ್ರಬಂಧಗಳನ್ನು ಯಾರು ಬೇಕಾದರೂ ಓದಬಹುದು. ವಿಶ್ವವಿದ್ಯಾನಿಲಯದ ಹೆಸರಿನಿಂದ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಹೋಗಿ, ಅಲ್ಲಿಂದ ವಿಭಾಗಕ್ಕೆ ಇಳಿದು ಪಟ್ಟಿಯನ್ನು ಸಾಲಾಗಿ ನೋಡುವುದು ಪದ ಹಾಕಿ ಹುಡುಕುವುದಕ್ಕಿಂತ ಉತ್ತಮ, ಏಕೆಂದರೆ ಕನ್ನಡ ಪ್ರಬಂಧಗಳ ಶೀರ್ಷಿಕೆಗಳು ಅಲ್ಲಿ ಹಲವು ಬಗೆಯ ಕಾಗುಣಿತದಲ್ಲಿವೆ. ಕೃಷಿ ಮತ್ತು ತೋಟಗಾರಿಕೆಯ ಪ್ರಬಂಧಗಳಿಗೆ ಕೃಷಿಕೋಶ ಎಂಬ ಪ್ರತ್ಯೇಕ ಭಂಡಾರವಿದೆ. ಅಡಿಕೆ, ಕಾಳುಮೆಣಸು, ಭತ್ತದ ಬಗ್ಗೆ ಕೆಲಸ ಮಾಡುವವರು ಅಲ್ಲಿಂದಲೇ ಆರಂಭಿಸಬಹುದು. ಪ್ರಬಂಧದಲ್ಲಿ ನಿಮಗೆ ಅತ್ಯಂತ ಬೆಲೆಬಾಳುವ ಭಾಗಗಳು ಎರಡು: ಹಿಂದಿನ ಅಧ್ಯಯನಗಳ ಸಮೀಕ್ಷೆ ಮತ್ತು ಕೊನೆಯ ಗ್ರಂಥಋಣ. ಅವುಗಳಿಂದ ಮೂಲಗಳಿಗೆ ಹೋಗಿ, ಮೂಲವನ್ನು ಓದಿ, ಮೂಲವನ್ನೇ ಉಲ್ಲೇಖಿಸಿ. ಕೃತಿಚೌರ್ಯಕ್ಕೆ ಸಂಬಂಧಿಸಿದ 2018ರ ಯುಜಿಸಿ ನಿಯಮಗಳಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ ಎಂಬುದನ್ನು ‘ಶೇ. 10ರಷ್ಟು ನಕಲು ಮಾಡಬಹುದು’ ಎಂದು ಅರ್ಥೈಸಿಕೊಂಡ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಅದು ತಪ್ಪು ತಿಳಿವಳಿಕೆ. ಇನ್ನೊಬ್ಬರ ಒಂದು ವಾಕ್ಯವನ್ನು ತೆಗೆದುಕೊಂಡರೂ ಅದು ಯಾರದೆಂದು ಹೇಳಲೇಬೇಕು.

ಏಳನೆಯ ಹೆಜ್ಜೆ: ಸರ್ಕಾರಿ ಅಂಕಿ-ಅಂಶಗಳು

ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಪ್ರತಿ ಗ್ರಾಮದ ಜನಸಂಖ್ಯೆ ಮತ್ತು ಸೌಲಭ್ಯಗಳ ವಿವರವಿರುತ್ತದೆ, ಅದನ್ನು ಜನಗಣತಿ ಇಲಾಖೆಯ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಜಿಲ್ಲಾ ಸಾಂಖ್ಯಿಕ ಕಚೇರಿಯ ‘ಜಿಲ್ಲಾ ಅಂಕಿ-ಅಂಶಗಳ ನೋಟ’ದಲ್ಲಿ ಮಳೆ, ಬೆಳೆ, ಶಾಲೆ, ಆಸ್ಪತ್ರೆಗಳ ತಾಲ್ಲೂಕುವಾರು ಪಟ್ಟಿಗಳಿವೆ. ಅಂಕಿಗಳನ್ನು ನಕಲು ಮಾಡಿಕೊಳ್ಳುವ ಮೊದಲು ಅವು ಯಾವ ಗಡಿಯೊಳಗಿನವು ಎಂದು ನೋಡುವುದು ಅತ್ಯಗತ್ಯ. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 17,52,753. ಇದನ್ನು 1991ರ ಹಳೆಯ ಪುಸ್ತಕದಲ್ಲಿರುವ ಜಿಲ್ಲಾ ಮೊತ್ತದೊಂದಿಗೆ ನೇರವಾಗಿ ಹೋಲಿಸಿ ಬೆಳವಣಿಗೆಯ ದರವನ್ನು ಲೆಕ್ಕ ಹಾಕಿದರೆ ಉತ್ತರ ತಪ್ಪಾಗುತ್ತದೆ, ಏಕೆಂದರೆ 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಅತ್ತ ಸೇರಿದವು. ಹೋಲಿಕೆ ಮಾಡುವವರು ಈಗಿನ ಏಳು ತಾಲ್ಲೂಕುಗಳ ಅಂಕಿಗಳನ್ನು ಹಳೆಯ ಪುಸ್ತಕದಿಂದ ಬಿಡಿಯಾಗಿ ತೆಗೆದು ಕೂಡಿಸಿಕೊಳ್ಳಬೇಕು. ಮಾಹಿತಿ ಪ್ರಕಟವಾಗಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಅಡಿ ಅರ್ಜಿ ಹಾಕಬಹುದು; ಉತ್ತರಕ್ಕೆ 30 ದಿನಗಳ ಕಾಲಾವಕಾಶವಿರುವುದರಿಂದ ಅರ್ಜಿಯನ್ನು ಪ್ರಬಂಧದ ಆರಂಭದಲ್ಲಿಯೇ ಕಳುಹಿಸಬೇಕು.

ಎಂಟನೆಯ ಹೆಜ್ಜೆ: ದಿನಪತ್ರಿಕೆ, ಸದನದ ನಡಾವಳಿ

ಹಳೆಯ ಪತ್ರಿಕೆಗಳ ಸಂಪುಟಗಳಿಗೆ ಪದಸೂಚಿ ಇರುವುದಿಲ್ಲ. ದಿನಾಂಕ ಗೊತ್ತಿಲ್ಲದೆ ಅವುಗಳ ಮುಂದೆ ಕುಳಿತರೆ ವಾರಗಳೇ ಕಳೆದುಹೋಗುತ್ತವೆ. ಸಾಗರ ತಾಲ್ಲೂಕಿನ ಗೇಣಿದಾರರ ಹೋರಾಟವಾದ ಕಾಗೋಡು ಸತ್ಯಾಗ್ರಹದ ಬಗ್ಗೆ ಬರೆಯುವವರು ಮೊದಲು ದ್ವಿತೀಯಕ ಆಕರಗಳಿಂದ 1951ರ ಘಟನೆಗಳ ದಿನಾಂಕಗಳನ್ನು, ಅದರಲ್ಲಿಯೂ ರಾಮಮನೋಹರ ಲೋಹಿಯಾ ಅವರ ಭೇಟಿ ಮತ್ತು ಬಂಧನದ ದಿನಗಳನ್ನು ಪಟ್ಟಿ ಮಾಡಿಕೊಂಡು, ಅನಂತರ ಆ ದಿನಗಳ ಹಿಂದುಮುಂದಿನ ವಾರದ ಪತ್ರಿಕೆಗಳನ್ನು ತೆರೆಯಬೇಕು. ಒಂದೇ ಘಟನೆಯನ್ನು ಎರಡು ಪತ್ರಿಕೆಗಳಲ್ಲಿ ಓದುವುದು ಒಳ್ಳೆಯದು. ಗೇಣಿದಾರರ ಮಾತಿಗೂ ಭೂಮಾಲೀಕರ ಮಾತಿಗೂ ಎಷ್ಟೆಷ್ಟು ಸ್ಥಳ ಸಿಕ್ಕಿದೆ ಎಂಬುದೇ ಒಂದು ಮಾಹಿತಿ. ಅದೇ ಹೋರಾಟದ ಮುಂದಿನ ಕಥೆ ಕಾನೂನಿನಲ್ಲಿದೆ: 1961ರ ಭೂಸುಧಾರಣಾ ಕಾಯ್ದೆ ಮತ್ತು ಅದಕ್ಕೆ 1974ರಲ್ಲಿ ಜಾರಿಯಾದ ತಿದ್ದುಪಡಿಯ ಬಗ್ಗೆ ವಿಧಾನಮಂಡಲದಲ್ಲಿ ನಡೆದ ಚರ್ಚೆಗಳು ಅಚ್ಚಾದ ನಡಾವಳಿಯಲ್ಲಿವೆ. ವಿದ್ಯಾರ್ಥಿಗಳು ಇವುಗಳನ್ನು ನೋಡುವುದೇ ಇಲ್ಲ ಎನ್ನಬಹುದು. ನಮ್ಮ ಜಿಲ್ಲೆಯ ಜನಪ್ರತಿನಿಧಿಗಳು ಆಡಿದ ಮಾತು ಅವರದೇ ಕನ್ನಡದಲ್ಲಿ ಓದಲು ಸಿಗುವ ಜಾಗ ಅದು.

ಒಂಬತ್ತನೆಯ ಹೆಜ್ಜೆ: ಕಾಲೇಜಿನ ಹೊರಗೆ

ನಿಮ್ಮ ಗ್ರಂಥಪಾಲಕರಿಂದಲೋ ಪ್ರಾಂಶುಪಾಲರಿಂದಲೋ ಒಂದು ಪರಿಚಯ ಪತ್ರ ಪಡೆದುಕೊಳ್ಳಿ. ಅದು ಕೈಯಲ್ಲಿದ್ದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಾಗಲಿ, ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಾಗಲಿ ಕುಳಿತು ಓದಲು ಅನುಮತಿ ಕೇಳುವುದು ಸುಲಭವಾಗುತ್ತದೆ. ಶಿವಮೊಗ್ಗದ ಜಿಲ್ಲಾ ಕೇಂದ್ರ ಗ್ರಂಥಾಲಯವನ್ನೂ ಮರೆಯಬೇಡಿ. ನಿಮ್ಮ ಕಾಲೇಜು ಡೆಲ್‌ನೆಟ್ ಜಾಲದ ಸದಸ್ಯನಾಗಿದ್ದರೆ ಬೇರೆ ಊರಿನ ಗ್ರಂಥಾಲಯದ ಪುಸ್ತಕವನ್ನೋ ಲೇಖನದ ಪ್ರತಿಯನ್ನೋ ತರಿಸಿಕೊಳ್ಳಬಹುದು.

ಸಾಗರದ ಹತ್ತಿರದ ಕೆಳದಿ ವಸ್ತುಸಂಗ್ರಹಾಲಯ ಮತ್ತು ಇತಿಹಾಸ ಸಂಶೋಧನಾ ಕೇಂದ್ರದಲ್ಲಿ ತಾಳೆಗರಿ ಮತ್ತು ಕಾಗದದ ಹಸ್ತಪ್ರತಿಗಳಿವೆ. ಅವುಗಳಲ್ಲಿ ಹಿಂದೆ ಸಂಸ್ಕೃತ ಗ್ರಂಥಗಳನ್ನು ಬರೆಯಲು ಬಳಸುತ್ತಿದ್ದ ತಿಗಳಾರಿ ಲಿಪಿಯವೂ ಸೇರಿವೆ. ಕೆಳದಿ ಗುಂಡಾ ಜೋಯಿಸರು ಮನೆಮನೆಗೆ ಅಲೆದು ಕಟ್ಟಿದ ಸಂಗ್ರಹ ಅದು. ಅಲ್ಲಿಗೆ ಹೋಗುವವರು ಮೊದಲೇ ಪತ್ರ ಬರೆದು ದಿನ ಗೊತ್ತುಮಾಡಿಕೊಂಡು, ಬೇಕಾದ ಹಸ್ತಪ್ರತಿಯನ್ನು ಸೂಚಿಯಿಂದ ಗುರುತಿಸಿ, ಕೈ ತೊಳೆದು ಚೆನ್ನಾಗಿ ಒರಸಿಕೊಂಡು ಗರಿಗಳನ್ನು ಮುಟ್ಟಬೇಕು, ಅನುಮತಿ ಇಲ್ಲದೆ ಚಿತ್ರ ತೆಗೆಯಬಾರದು. ನಮ್ಮ ಮಳೆಗಾಲದ ತೇವ ಹಳೆಯ ಕಾಗದಕ್ಕೂ ಗರಿಗೂ ಶತ್ರು. ಸಾಧ್ಯವಿದ್ದರೆ ಇಂಥ ಭೇಟಿಯನ್ನು ಬೇಸಗೆಗೆ ಇಟ್ಟುಕೊಳ್ಳಿ.

ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಪೂರ್ಣಗೊಂಡಾಗ ಮನೆಮಠ ಬಿಟ್ಟು ಎದ್ದುಬಂದವರ ನೆನಪುಗಳಂಥ ಆಕರ ಯಾವ ಕಪಾಟಿನಲ್ಲಿಯೂ ಪೂರ್ತಿಯಾಗಿ ಸಿಗುವುದಿಲ್ಲ. ಆಗ ಹದಿನೈದು ವರ್ಷದವರಾಗಿದ್ದವರು ಈಗ ಎಪ್ಪತ್ತೈದು ದಾಟಿದ್ದಾರೆ. ಈ ಕೆಲಸವನ್ನು ಮುಂದೂಡಬೇಡಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಆದರೆ ಗ್ರಂಥಾಲಯದ ಓದು ಮುಗಿಸಿಕೊಂಡೇ ಹೋಗಿ: ಊರಿನ ಹಳೆಯ ನಕ್ಷೆ, ಮುಳುಗಿದ ಹಳ್ಳಿಗಳ ಪಟ್ಟಿ, ಪುನರ್ವಸತಿ ನೀಡಿದ ಸ್ಥಳಗಳ ಹೆಸರು ಗೊತ್ತಿದ್ದರೆ ಅಜ್ಜಿ ಹೇಳುವ ಒಂದೊಂದು ಮಾತಿಗೂ ಮುಂದಿನ ಪ್ರಶ್ನೆ ನಿಮ್ಮಲ್ಲಿರುತ್ತದೆ. ಧ್ವನಿಮುದ್ರಣಕ್ಕೂ ಹೆಸರು ಬಳಸುವುದಕ್ಕೂ ಮೊದಲೇ ಒಪ್ಪಿಗೆ ಪಡೆಯಿರಿ.

ಹತ್ತನೆಯ ಹೆಜ್ಜೆ: ಗುರುತು ಹಾಕಿಕೊಳ್ಳುವುದು

ನನ್ನ ವಿದ್ಯಾರ್ಥಿ ದಿನಗಳಲ್ಲಿ ಒಂದು ಗ್ರಂಥಾಲಯದ ಪುಸ್ತಕದಿಂದ ಅರ್ಧ ಪುಟದಷ್ಟು ಬರೆದುಕೊಂಡು ಪುಟಸಂಖ್ಯೆಯನ್ನು ಬಿಟ್ಟಿದ್ದೆ. ಮತ್ತೆ ಹೋದಾಗ ಪುಸ್ತಕ ರಟ್ಟು ಕಟ್ಟಿಸಲು ಹೋಗಿತ್ತು. ಎರಡು ತಿಂಗಳು ಕಾದೆ, ಕೊನೆಗೆ ಆ ಭಾಗವನ್ನೇ ಪ್ರಬಂಧದಿಂದ ತೆಗೆದುಹಾಕಬೇಕಾಯಿತು. ಅಂದಿನಿಂದ ಟಿಪ್ಪಣಿಯ ಮೊದಲ ಸಾಲಿನಲ್ಲಿಯೇ ಲೇಖಕರು, ಶೀರ್ಷಿಕೆ, ಪ್ರಕಾಶಕರು, ವರ್ಷ, ಆವೃತ್ತಿ, ಪುಟ ಮತ್ತು ಪುಸ್ತಕ ಸಿಕ್ಕ ಗ್ರಂಥಾಲಯದ ವರ್ಗಸಂಖ್ಯೆಯನ್ನು ಬರೆಯದೆ ಮುಂದಿನ ಸಾಲಿಗೆ ಹೋಗುವುದಿಲ್ಲ. ಜಾಲತಾಣದ ಆಕರವಾದರೆ ನೋಡಿದ ದಿನಾಂಕವೂ ಬೇಕು. ಜ಼ೊಟೆರೊ ಎಂಬ ಉಚಿತ ತಂತ್ರಾಂಶ ಈ ವಿವರಗಳನ್ನು ಕನ್ನಡ ಲಿಪಿಯಲ್ಲಿಯೂ ಜೋಡಿಸಿಡುತ್ತದೆ. ಗೆರೆ ಎಳೆದ ನೋಟ್‌ಬುಕ್ ಕೂಡ ಸಾಕು. ಹುಡುಕಿದ ಪದಗಳು, ಹುಡುಕಿದ ಜಾಗ, ಏನೂ ಸಿಗದಿದ್ದ ಹುಡುಕಾಟ ಇವೆಲ್ಲವನ್ನೂ ದಿನಾಂಕದೊಂದಿಗೆ ಬರೆದಿಟ್ಟರೆ ಅದೇ ಕೆಲಸವನ್ನು ಎರಡನೆಯ ಬಾರಿ ಮಾಡುವುದು ತಪ್ಪುತ್ತದೆ.

ಹೊಸ ಲೇಖನಗಳ ಗ್ರಂಥಋಣದಲ್ಲಿ ನೀವಾಗಲೇ ಓದಿದ ಹೆಸರುಗಳೇ ಮತ್ತೆ ಮತ್ತೆ ಬರತೊಡಗಿದಾಗ ಹುಡುಕಾಟವನ್ನು ನಿಲ್ಲಿಸಿ ಬರೆಯಲು ಕುಳಿತುಕೊಳ್ಳಬಹುದು. ಪ್ರಬಂಧ ಮುಗಿದ ಮೇಲೆ ಒಂದು ಪ್ರತಿಯನ್ನು, ಒಪ್ಪಿಗೆ ಇರುವ ಧ್ವನಿಮುದ್ರಣಗಳನ್ನೂ ಸೇರಿಸಿ, ಕಾಲೇಜು ಗ್ರಂಥಾಲಯಕ್ಕೆ ಕೊಡಿ. ಕೊಡುವಾಗ ಮುಖಪುಟದ ಹಿಂದಿನ ಹಾಳೆಯಲ್ಲಿ ಐದಾರು ಸೂಚಕ ಪದಗಳನ್ನು ಬರೆದಿರಿ. ಹಳ್ಳಿಯ ಹೆಸರು, ತಾಲ್ಲೂಕಿನ ಹೆಸರು, ಜಿಲ್ಲೆಯ ಹೆಸರು ಕನ್ನಡ ಲಿಪಿಯಲ್ಲಿಯೂ ಇಂಗ್ಲಿಷಿನ ಹಳೆಯ ಮತ್ತು ಹೊಸ ಕಾಗುಣಿತಗಳೆರಡರಲ್ಲಿಯೂ ಇರಲಿ, ಮತ್ತು ಅವುಗಳನ್ನು ಕ್ಯಾಟಲಾಗಿಗೆ ಹಾಗೆಯೇ ಸೇರಿಸಿಕೊಳ್ಳುವಂತೆ ಗ್ರಂಥಪಾಲಕರನ್ನು ಕೇಳಿಕೊಳ್ಳಿ.